ಉ: ‘ಸೆಲ್ ಮೊಟಿಲಿಟಿ’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಜೀವಕಣಗಳು (ಸೆಲ್) ಹೇಗೆ ಓಡಾಡುತ್ತವೆ ಅಂತ ನೋಡುವ ವಿಜ್ಞಾನಿಯೊಬ್ಬರ ಸಂಶೋಧನೆಯ ಬಗ್ಗೆ ಪೋಸ್ಟರ್ ಮಾಡುತ್ತಿದ್ದೀರಿ; ಮುಟ್ಟಿನ ಆರೋಗ್ಯ, ಎಂಡೊಮೆಟ್ರಿಯೋಸಿಸ್, ಕ್ಯಾನ್ಸರ್ ಮೂರೂ ಅದರಲ್ಲಿವೆ. ಅದು ಇವತ್ತೇ ಅಚ್ಚಿಗೆ ಹೋಗಬೇಕು ಅಂದಿದ್ದೀರಿ, ಅದಕ್ಕೇ ಉತ್ತರ ಮೊದಲು: ‘ಜೀವಕಣಗಳು ತೆವಳುವ ಬಗೆ’ ಅಂತ ಹಾಕಿ.

‘ಚಲನಶೀಲತೆ’ ಬೇಡ. ಅದನ್ನು ಓದಿದರೆ ಕಣ್ಣಮುಂದೆ ಏನೂ ಬರುವುದಿಲ್ಲ. ಆ ವಿಜ್ಞಾನಿ ನೋಡುತ್ತಿರುವುದು ಏನನ್ನು? ಜೀವಕಣದ ಮುಂದಿನ ಅಂಚಿನಲ್ಲಿ ಆಕ್ಟಿನ್ ಅನ್ನುವ ಪ್ರೋಟೀನಿನ ಎಳೆಗಳು ಬೆಳೆದು ಪೊರೆಯನ್ನು ಮುಂದಕ್ಕೆ ತಳ್ಳುತ್ತವೆ, ಚಾಚಿದ ಭಾಗ ಕೆಳಗಿನ ಮೈಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಹಿಂಭಾಗ ಹಿಡಿತ ಬಿಟ್ಟು ಮುಂದಕ್ಕೆ ಸರಿಯುತ್ತದೆ. ಇದು ತೆವಳುವುದೇ ಅಲ್ವಾ? ವೀರ್ಯಾಣು ಈಜುತ್ತದೆ, ತೆವಳುವುದಿಲ್ಲ ಅನ್ನುವ ತಕರಾರು ಸರಿ, ಆದರೆ ಈ ಪೋಸ್ಟರಿನಲ್ಲಿ ವೀರ್ಯಾಣುವಿನ ಸುದ್ದಿಯೇ ಇಲ್ಲ. ‘ಹರಿದಾಟ’ ಚೆಂದದ ಮಾತು, ಆದರೆ ಮುಟ್ಟಿನ ಪಕ್ಕ ಇಟ್ಟರೆ ರಕ್ತ ಹರಿಯುವುದು ಅಂತಲೇ ಓದುತ್ತಾರೆ.

ಸೆಲ್‌ಗೆ ‘ಕೋಶ’ ಅನ್ನುವುದನ್ನು ಯಾಕೆ ಬಿಟ್ಟೆ ಅಂದರೆ, ‘ಗರ್ಭಕೋಶದ ಕೋಶಗಳು’ ಅಂತ ಬರೆದು ನೋಡಿ, ನಿಮಗೇ ಗೊತ್ತಾಗುತ್ತದೆ. ಸೆಲ್‌ಗೆ ಅಚ್ಚಗನ್ನಡದವರು ಹೇಳಿದ ‘ಸೂಲುಗೂಡು’ ಇಲ್ಲಂತೂ ಖಂಡಿತ ಬೇಡ. ಸೂಲು ಅಂದರೆ ಹೆರಿಗೆ. ಹೆಂಗಸರ ಆರೋಗ್ಯದ ಪೋಸ್ಟರಿನಲ್ಲಿ ಅದನ್ನು ಕಂಡವರು ಗರ್ಭಕೋಶ ಅಂದುಕೊಳ್ಳದೆ ಇನ್ನೇನು ಅಂದುಕೊಂಡಾರು? ಬೇರು ಕನ್ನಡದ್ದು ಅಂದ ಮಾತ್ರಕ್ಕೆ ಪದ ಕೆಲಸ ಮಾಡುವುದಿಲ್ಲ.

‘ರಜಸ್ರಾವ’ ಸಭ್ಯ ಅಂದವರಿಗೆ: ಮುಟ್ಟು ಅನ್ನಲು ನಾಚುವವರು ಈ ಸಂಶೋಧನೆಯ ಬಗ್ಗೆ ಬರೆಯುವುದೇ ಬೇಡ. ‘ಮುಟ್ಟಿನ ಆರೋಗ್ಯ’ ಅಂತಲೇ ಇರಲಿ.

ಎಂಡೊಮೆಟ್ರಿಯೋಸಿಸ್ಸನ್ನು ಹಾಗೇ ಬಿಡಿ. ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು 100ಕ್ಕೆ 10 ಜನರಿಗೆ ಇರುವ ಕಾಯಿಲೆ ಇದು. ಡಾಕ್ಟರು ಚೀಟಿಯಲ್ಲಿ ಬರೆಯುವ ಹೆಸರೂ ಪೋಸ್ಟರಿನ ಹೆಸರೂ ಒಂದೇ ಇದ್ದರೆ ಓದಿದವಳಿಗೆ ‘ಓ, ಇದು ನನ್ನದೇ’ ಅಂತ ಹೊಳೆಯುತ್ತದೆ. ಕೆಳಗೆ ಒಂದು ಸಾಲು ಸೇರಿಸಿ: ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೆಯುವುದು. ಇದು ಕ್ಯಾನ್ಸರ್ ಅಲ್ಲ ಅಂತಲೂ ಸ್ಪಷ್ಟವಾಗಿ ಬರೆಯಿರಿ, ಮೂರೂ ವಿಷಯ ಒಂದೇ ಹಾಳೆಯಲ್ಲಿರುವುದರಿಂದ ಹೆದರುವವರು ಇರುತ್ತಾರೆ.

‘ಕ್ಯಾನ್ಸರ್’ ತೆಗೆದು ‘ಅರ್ಬುದ’ವೋ ‘ಏಡಿಗಂತಿ’ಯೋ ಹಾಕಬೇಕು ಅನ್ನುವ ಜಗಳ ಇದರಲ್ಲಿ ಯಾಕೆ ಬಂತೋ. ಹಳೆಯ ಗ್ರೀಕ್ ವೈದ್ಯರೂ ಅದನ್ನು ಏಡಿ ಅಂತಲೇ ಕರೆದಿದ್ದರು, ಅದರ ನೆರಳಿನಲ್ಲೇ ಏಡಿಗಂತಿ ಹುಟ್ಟಿದ್ದು. ಹಾಗಾದರೆ ಅದೂ ಎರವಲೇ, ಬಟ್ಟೆ ಮಾತ್ರ ಕನ್ನಡದ್ದು. ಆ ವಾದ ಬೇಕಾದವರು ಬೇರೆ ಚರ್ಚೆ ಶುರು ಮಾಡಲಿ, ಪೋಸ್ಟರ್ ಮಾಡುವವರನ್ನು ಸುಮ್ನೆ ಕಾಯಿಸಬೇಡಿ.