ಕುಫ್ರಿ ಜ್ಯೋತಿಗೆ ಅಂಗಮಾರಿ ಯಾಕೆ ಬರುತ್ತಿದೆ?

ಪ್ರಶ್ನೆ: ನಮ್ಮದು ಹಾಸನದ ಕಡೆ. ಕುಫ್ರಿ ಜ್ಯೋತಿ ಅಂಗಮಾರಿ ತಡೆಯುವ ಆಲೂಗಡ್ಡೆ ತಳಿ ಅಂತ ಹಿರಿಯರು ಹೇಳುತ್ತಿದ್ದರು. ಈಗ ಜಡಿಮಳೆ ಹಿಡಿದರೆ ಸಾಕು, ಗಿಡ ಕಪ್ಪಾಗುತ್ತದೆ. ಬೀಜ ಕೆಟ್ಟಿತಾ, ರೋಗವೇ ಬದಲಾಯಿತಾ?

ಉತ್ತರ (ಸಸ್ಯರೋಗ ವಿಜ್ಞಾನಿ): ರೋಗ ಬದಲಾಗಿದೆ. ಜ್ಯೋತಿ ಬಂದದ್ದು 1968ರಲ್ಲಿ. ಅಂಗಮಾರಿ ತರುವ ಫೈಟಾಫ್ತೊರಾ ಇನ್ಫೆಸ್ಟಾನ್ಸ್ ಅಷ್ಟು ವರ್ಷ ಸುಮ್ಮನೆ ಕೂರುವ ಪೈಕಿ ಅಲ್ಲ. ಇದನ್ನು ಎಲ್ಲರೂ ಶಿಲೀಂಧ್ರ ಅಂತಾರೆ, ನಿಜಕ್ಕೂ ಇದು ಕಂದು ಪಾಚಿಯ ದೂರದ ನೆಂಟ.

ಇದರ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ ಬರಹ, 2009ರಲ್ಲಿ ಪ್ರಕಟವಾಯಿತು. ಸುಮಾರು 24 ಕೋಟಿ ಅಕ್ಷರ, ಅದರಲ್ಲಿ ಮುಕ್ಕಾಲು ಪಾಲು ಬಂದದ್ದೇ ಮತ್ತೆ ಮತ್ತೆ ಬರುವ ತುಂಡುಗಳು. ಅವುಗಳ ನಡುವೆ ಆರ್‌ಎಕ್ಸ್‌ಎಲ್‌ಆರ್ ಅನ್ನುವ ಒಂದೇ ಕುಟುಂಬದ 500ಕ್ಕೂ ಜಾಸ್ತಿ ಜೀನ್‌ಗಳಿವೆ! ಇವು ಮಾಡುವ ಪ್ರೋಟೀನ್‌ಗಳು ಗಿಡದ ಕೋಶದೊಳಗೆ ನುಗ್ಗಿ ಅದರ ರಕ್ಷಣೆ ಕೆಡಿಸುತ್ತವೆ. ಇವಕ್ಕೆ ಎಫೆಕ್ಟರ್ ಅಂತ ಹೆಸರು. ತಳಿಯಲ್ಲಿರುವ ಒಂದು ನಿರೋಧಕ ಜೀನ್ ಗುರುತು ಹಿಡಿಯುವುದು ಇವುಗಳಲ್ಲಿ ಒಂದೆರಡನ್ನು ಮಾತ್ರ. ರೋಗಾಣು ಅದೊಂದನ್ನು ಬದಲಿಸಿಕೊಂಡರೆ ಅಥವಾ ಬಿಟ್ಟೇಬಿಟ್ಟರೆ ಗಿಡಕ್ಕೆ ಕಳ್ಳ ಕಾಣುವುದಿಲ್ಲ. ಉಳಿದವು ಕೆಲಸ ಮುಂದುವರಿಸುತ್ತವೆ.

ಇನ್ನೊಬ್ಬರ ಪ್ರಶ್ನೆ: ನಾನು ಎಂಎಸ್ಸಿ ಓದುತ್ತಿದ್ದೇನೆ. ಎಫೆಕ್ಟರ್‌ಗಳು ಗಿಡದ ಆರ್‌ಎನ್‌ಎ ಸ್ಪ್ಲೈಸಿಂಗ್‌ಗೂ ಕೈಹಾಕುತ್ತವಂತೆ, ಹೌದಾ?

ಉತ್ತರ: ಹೌದು. ಒಳ್ಳೆಯ ಉದಾಹರಣೆ ಸೋಯಾಬೀನ್‌ನ ಬೇರು ಕೊಳೆಸುವ ಫೈಟಾಫ್ತೊರಾ ಸೋಜೆ. ಜೀನ್‌ನಿಂದ ಬಂದ ಕಚ್ಚಾ ಆರ್‌ಎನ್‌ಎಯಲ್ಲಿ ಬೇಡದ ತುಂಡು ಕತ್ತರಿಸಿ ಉಳಿದದ್ದನ್ನು ಜೋಡಿಸುವುದೇ ಸ್ಪ್ಲೈಸಿಂಗ್, ಅಲ್ವಾ? ಆ ಕೆಲಸ ಮಾಡುವ ಕೋಶದ ಯಂತ್ರದ ಜೊತೆಗಿರುವ ಎಸ್‌ಕೆಆರ್‌ಪಿ ಪ್ರೋಟೀನ್‌ಗಳು ಗಿಡದ ರೋಗನಿರೋಧಕ್ಕೆ ಕಡಿವಾಣ ಹಾಕುತ್ತವೆ. ಎವಿಆರ್3ಸಿ ಎಂಬ ಎಫೆಕ್ಟರ್ ಅವಕ್ಕೆ ಅಂಟಿಕೊಂಡು, ಅವು ಬೇಗ ಕರಗದಂತೆ ಕಾಯುತ್ತದೆ. 2017ರ ಒಂದು ಅಧ್ಯಯನದಲ್ಲಿ 401 ಸೋಯಾ ಜೀನ್‌ಗಳ ಸ್ಪ್ಲೈಸಿಂಗ್ ಬದಲಾಗಿತ್ತು, ರಕ್ಷಣೆಯ ಜೀನ್‌ಗಳೂ ಅದರಲ್ಲಿದ್ದವು. ಗಿಡವನ್ನು ಗಿಡದ್ದೇ ಪ್ರೋಟೀನ್‌ನಿಂದ ಕಟ್ಟಿಹಾಕುವ ಈ ಉಪಾಯ ನನಗಂತೂ ಬಹಳ ಇಷ್ಟ, ರೈತರು ಬೈದರೂ ಸರಿ.

ಮೊದಲ ಪ್ರಶ್ನೆಯವರು: ಬೈಯಲ್ಲ ಬಿಡಿ. ಈಗ ಏನು ಹೊಡೆಯಲಿ ಹೇಳಿ.

ಉತ್ತರ: ಮೆಟಲಾಕ್ಸಿಲ್ ಅನ್ನುವ ಔಷಧಿ ಒಂದನ್ನೇ ನಂಬಬೇಡಿ. ದಕ್ಷಿಣ ಭಾರತದಲ್ಲಿ ಹರಡಿದ 13_ಎ2 ಎಂಬ ಅಂಗಮಾರಿ ರೋಗಾಣುವಿನ ವಂಶ ಅದಕ್ಕೆ ಬಗ್ಗುವುದಿಲ್ಲ. ರೋಗ ಕಾಣುವ ಮೊದಲೇ, ಮೋಡ ಕವಿದಾಗಲೇ ಮ್ಯಾಂಕೋಜೆಬ್ ಸಿಂಪಡಿಸಿ. ಆಮೇಲೆ ಬೇರೆ ಬೇರೆ ಗುಂಪಿನ ಔಷಧಿಗಳನ್ನು ಬದಲಿಸುತ್ತಾ ಹೋಗಿ, ಪ್ರಮಾಣ ಡಬ್ಬಿಯ ಮೇಲಿದ್ದಷ್ಟೇ. ಬೀಜದ ಗಡ್ಡೆಯನ್ನೂ ನೋಡಿ ಖರೀದಿಸಿ. ರೋಗ ಅದರಲ್ಲೂ ಬರುತ್ತದೆ.