ಡೀಸೆಲ್ ಫೋರ್ ವೀಲ್ ಗಾಡಿಗೆ ಗ್ಯಾಸ್ ಕಿಟ್ ಹಾಕಿಸಿದವರು ಅನುಭವ ಹೇಳಿ

ಕೆಂಪು ಥಾರ್:
ನನ್ನದು 2014ರ ಥಾರ್ ಸಿಆರ್‌ಡಿಇ, ಡೀಸೆಲ್ ಗಾಡಿ. 1,32,000 ಕಿಲೋಮೀಟರ್ ಆಗಿದೆ. ಮನೆ ಬನಶಂಕರಿ, ಆಫೀಸು ವೈಟ್‌ಫೀಲ್ಡ್. ತಿಂಗಳಿಗೆ ಎರಡು ಸಲ ಸಕಲೇಶಪುರದ ತೋಟಕ್ಕೆ ಹೋಗಬೇಕು. ಡೀಸೆಲ್ ಜೊತೆಗೆ ಸ್ವಲ್ಪ ಎಲ್‌ಪಿಜಿ ಬಿಡುವ ಕಿಟ್ ಹಾಕಿಸಿದರೆ ಖರ್ಚು ಇಳಿಯುತ್ತದೆ ಅಂತ ಗ್ಯಾರೇಜಿನವರು ಹೇಳುತ್ತಿದ್ದಾರೆ. ಹಾಕಿಸಬಹುದಾ?

ಘಟ್ಟದ ಸ್ಕಾರ್ಪಿಯೊ:
ನಾನು ಹಾಕಿಸಿ ಮೂರು ವರ್ಷ ಆಯಿತು. ಕಿಟ್ 54,000. ಸ್ಟೆಪ್ನಿ ಜಾಗಕ್ಕೆ ಕೂರುವ ರಿಂಗ್ ಟ್ಯಾಂಕ್ 11,500. ಎಂಜಿನ್ನಿನಿಂದ ಹೊರಬರುವ ಹೊಗೆಯ ಬಿಸಿ ತೋರಿಸುವ ಇಜಿಟಿ ಗೇಜ್ 9,200. ಲೇಬರ್ 8,000. ಒಟ್ಟು 82,700. ಸ್ಟೆಪ್ನಿ ಈಗ ಹಿಂದಿನ ಬಾಗಿಲಿಗೆ ಹೋಗಿದೆ, ಅದರ ಬ್ರಾಕೆಟ್ಟಿನ ಖರ್ಚು ಬೇರೆ. ಮೊದಲ ಮಳೆಗಾಲದಲ್ಲೇ ಚಾರ್ಮಾಡಿಯಲ್ಲಿ ರೆಡ್ಯೂಸರ್‌ಗೆ (ದ್ರವ ಗ್ಯಾಸನ್ನು ಆವಿ ಮಾಡುವ ಭಾಗ) ಹೋಗುವ ಕೂಲೆಂಟ್ ಹೋಸ್ ಒಡೆಯಿತು. ಹೋಸ್ 1,850, ಕೂಲೆಂಟ್ 900, ಟೋಯಿಂಗ್ 6,500. ಕ್ಲಿಪ್ ಸರಿಯಾಗಿ ಬಿಗಿದಿರಲಿಲ್ಲ ಅಷ್ಟೇ. ಆಮೇಲೆ ಒಂದು ದಿನವೂ ತೊಂದರೆ ಇಲ್ಲ. ಲೀಟರ್ ಡೀಸೆಲ್‌ಗೆ 10.5 ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಈಗ 13.4 ಕೊಡುತ್ತದೆ. ಕಪ್ಪು ಹೊಗೆ ಕಡಿಮೆ. ಏರಿನಲ್ಲಿ ಎಳೆಯುವುದನ್ನು ನೋಡಿಯೇ ನಂಬಬೇಕು.

ಸಿಲ್ವರ್ ಸಫಾರಿ:
ದಯವಿಟ್ಟು ಹಾಕಿಸಬೇಡಿ. ನನ್ನದು ಹಾಕಿಸಿ ಐದೇ ತಿಂಗಳು. ಮನೆಯವರೆಲ್ಲ ಧರ್ಮಸ್ಥಳದಿಂದ ವಾಪಸ್ ಬರುತ್ತಿದ್ದೆವು. ಶಿರಾಡಿಯಲ್ಲಿ ಗುಂಡ್ಯ ದಾಟಿ ಮಾರನಹಳ್ಳಿ ಹತ್ತಿರ ಎಂಜಿನ್ನು ಟಣ್ ಟಣ್ ಅನ್ನಲು ಶುರುವಾಯಿತು. ಎರಡು ನಿಮಿಷಕ್ಕೆ ಬಿಳಿ ಹೊಗೆ, ಗಾಡಿ ನಿಂತಿತು. ಮೂರನೇ ಪಿಸ್ಟನ್ ಕರಗಿ ತೂತು ಬಿದ್ದಿತ್ತು. ಪಿಸ್ಟನ್, ರಿಂಗ್ 31,000. ಹೆಡ್ ಕೆಲಸ 14,500. ಟರ್ಬೊ 42,000. ನಾಲ್ಕು ಇಂಜೆಕ್ಟರ್ 56,000. ಲೇಬರ್ 28,000. ಬೆಂಗಳೂರಿಗೆ ಎಳೆದು ತರಲು 12,000. ಒಟ್ಟು 1,83,500. ಕಿಟ್ ಹಾಕಿದವರು ಪಿಕಪ್ ಜಾಸ್ತಿ ಬರಲಿ ಅಂತ ಗ್ಯಾಸ್ ಏರಿಸಿಟ್ಟಿದ್ದರು. ಡೀಸೆಲ್ ಸ್ಪ್ರೇ ಆಗುವ ಮೊದಲೇ ಗ್ಯಾಸ್ ಹೊತ್ತಿಕೊಂಡಿದೆ. ಇಲ್ಲಿ ಸಿಗುವ ಗ್ಯಾಸಿನಲ್ಲಿ ಪ್ರೊಪೇನ್ ಒಂದೇ ಇರುವುದಿಲ್ಲ, ಬ್ಯುಟೇನ್ ಕೂಡ ಇರುತ್ತದೆ. ಅದು ಇನ್ನೂ ಬೇಗ ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಅಮ್ಮ ಕೂತಿದ್ದರು. ಆ ರಾತ್ರಿಯನ್ನು ನಾನು ಮರೆಯುವುದಿಲ್ಲ.

ಘಟ್ಟದ ಸ್ಕಾರ್ಪಿಯೊ:
ಗೇಜ್ ಹಾಕಿಸಿದ್ರಾ? ಇಲ್ಲ ಅಲ್ವಾ? ನಾನು 650 ಡಿಗ್ರಿ ದಾಟಿದರೆ ಗ್ಯಾಸ್ ಆಫ್ ಮಾಡುತ್ತೇನೆ. 9,200 ಉಳಿಸಲು ಹೋಗಿ ಕಿಟ್ಟನ್ನು ಬೈದರೆ ಹೇಗೆ?

ಸಿಲ್ವರ್ ಸಫಾರಿ:
ಗೇಜ್ ಬೇಕು ಅಂತ ಯಾರೂ ಹೇಳಲಿಲ್ಲ ಸ್ವಾಮಿ. ಘಟ್ಟದಲ್ಲಿ ತಿರುವು ನೋಡಬೇಕಾ, ಗೇಜಿನ ಮುಳ್ಳು ನೋಡಬೇಕಾ?

ಆಟೋ ಮನೆಯವನು:
ಸುಮ್ನೆ ಹೆದರಿಸಬೇಡಿ. ನಮ್ಮ ಅಪ್ಪ ಹದಿನೈದು ವರ್ಷದಿಂದ ಎಲ್‌ಪಿಜಿ ಆಟೋ ಓಡಿಸುತ್ತಿದ್ದಾರೆ. ಒಂದು ಪಿಸ್ಟನ್ನೂ ಕರಗಿಲ್ಲ.

ಲೇತ್ ಮಾವ:
ಮಗಾ, ಆಟೋಗೆ ಸ್ಪಾರ್ಕ್ ಪ್ಲಗ್ ಇರುತ್ತದೆ, ಕಂಪ್ರೆಷನ್ ಕಡಿಮೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿ ಒತ್ತಿದ ಬಿಸಿಗೇ ಬೆಂಕಿ ಹೊತ್ತಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡ. ಪೀಣ್ಯದಲ್ಲಿ 30 ವರ್ಷ ಎಂಜಿನ್ ಬೋರ್ ಮಾಡಿದವನು ನಾನು.
ಸ್ಕಾರ್ಪಿಯೊದವರೇ, ಗ್ಯಾಸ್ ಎಷ್ಟು ಲೀಟರ್ ಹೋಗುತ್ತದೆ ಅಂತ ನೀವು ಬರೆದೇ ಇಲ್ಲ.

ಘಟ್ಟದ ಸ್ಕಾರ್ಪಿಯೊ:
60 ಲೀಟರ್ ಡೀಸೆಲ್‌ಗೆ 24 ಲೀಟರ್ ಗ್ಯಾಸ್.

ಲೇತ್ ಮಾವ:
ಹಾಗಾದರೆ ಲೆಕ್ಕ ಹಾಕಿ. 60 ಲೀಟರಿಗೆ 804 ಕಿಲೋಮೀಟರ್. ಬರೀ ಡೀಸೆಲ್ ಆಗಿದ್ದರೆ 76.6 ಲೀಟರ್ ಬೇಕಿತ್ತು. ಉಳಿದದ್ದು 16.6 ಲೀಟರ್. ಡೀಸೆಲ್ 90, ಗ್ಯಾಸ್ 60 ಅಂತ ಹಿಡಿಯಿರಿ. ಡೀಸೆಲಿನಲ್ಲಿ ಉಳಿದದ್ದು ಸುಮಾರು 1,490, ಗ್ಯಾಸಿಗೆ ಕೊಟ್ಟದ್ದು 1,440. ಲಾಭ 50 ರೂಪಾಯಿ. 82,700 ಯಾವಾಗ ವಾಪಸ್ ಬರುತ್ತದೆ? ಒಂದು ಲೀಟರ್ ಗ್ಯಾಸಿನಲ್ಲಿ ಒಂದು ಲೀಟರ್ ಡೀಸೆಲಿನಷ್ಟು ಶಕ್ತಿ ಇಲ್ಲ, ಮುಕ್ಕಾಲು ಭಾಗವೂ ಇಲ್ಲ.

ಘಟ್ಟದ ಸ್ಕಾರ್ಪಿಯೊ:
ನಾನು ದುಡ್ಡಿಗಾಗಿ ಹಾಕಿಸಿಲ್ಲ. ಎಳೆತಕ್ಕೆ ಹಾಕಿಸಿದ್ದು.

ಸಿಲ್ವರ್ ಸಫಾರಿ:
ಮೊದಲು 13.4 ಅಂದವರು ಯಾರು? ಕಿಟ್ ಹಾಕಿಸಿದ್ದನ್ನು ಆರ್‌ಸಿಯಲ್ಲಿ ಬರೆಸಿದ್ದೀರಾ? ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಬರೆಸಲೇಬೇಕು. ಇಲ್ಲದಿದ್ದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. ನನಗೆ ಒಂದು ರೂಪಾಯಿಯೂ ಬರಲಿಲ್ಲ.

ಆಟೋ ಮನೆಯವನು:
ಬರೆಸದೇ ಬಂಕಿಗೆ ಬರುವ ಇಂಥ ದೊಡ್ಡ ಗಾಡಿಗಳಿಂದಲೇ ನಮ್ಮ ಆಟೋ ಕ್ಯೂ ಬೆಳೆಯುವುದು. ಅಪ್ಪ ಬೆಳಗ್ಗೆ ನಾಲ್ಕೂವರೆಗೆ ಹೋಗಿ ನಿಲ್ಲುತ್ತಾರೆ. ನಿಮಗೆ ಎಳೆತ, ನಮಗೆ ಊಟ.

ಘಟ್ಟದ ಸ್ಕಾರ್ಪಿಯೊ:
ನಾನೂ ದುಡ್ಡು ಕೊಟ್ಟೇ ತುಂಬಿಸುವುದು. ಕ್ಯೂನಲ್ಲಿ ನಿಂತೇ ತುಂಬಿಸುವುದು.

ಕೆಂಪು ಥಾರ್:
ಜಗಳ ಬೇಡ ಸಾರ್. ನನ್ನ ಗಾಡಿಗೆ ಬೇಕೋ ಬೇಡವೋ, ಅಷ್ಟು ಹೇಳಿ.

ಲೇತ್ ಮಾವ:
ಕಿಟ್ ಮಾತು ಆಮೇಲೆ, ಮೊದಲು ಇಂಜೆಕ್ಟರ್ ಟೆಸ್ಟ್ ಮಾಡಿಸಪ್ಪ. ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್‌ನ ಹೋಸ್ ಸೀಳಿದೆಯಾ ನೋಡಿಸು. 1,32,000 ಓಡಿದ ಗಾಡಿ.

ಘಟ್ಟದ ಸ್ಕಾರ್ಪಿಯೊ:
ಥಾರ್ ಅವರೇ, ಭಾನುವಾರ ನೈಸ್ ರೋಡಿಗೆ ಬನ್ನಿ. ನನ್ನ ಗಾಡಿ ನೀವೇ ಓಡಿಸಿ ನೋಡಿ.

ಸಿಲ್ವರ್ ಸಫಾರಿ:
ನೈಸ್ ರೋಡಿನಲ್ಲಿ ಎಲ್ಲ ಗಾಡಿಯೂ ಓಡುತ್ತದೆ. ಐದು ಜನರನ್ನು ಕೂರಿಸಿಕೊಂಡು ಗುಂಡ್ಯದಿಂದ ಹತ್ತಿಸಿ ತೋರಿಸಿ, ಗ್ಯಾಸ್ ಆಫ್ ಮಾಡದೆ.