ಸ್ಮೋಕರ್‌ನಲ್ಲಿ ಬೇಯಿಸಿದ ಕೋಳಿ ಕಹಿ ಬರ್ತಿದೆ, ಏನು ಮಾಡಲಿ?

ಪ್ರಶ್ನೆ:
ಸ್ಮೋಕರ್‌ನಲ್ಲಿ, ಅಂದರೆ ಮರದ ಹೊಗೆಯಲ್ಲಿ ಮಾಂಸ ಬೇಯಿಸುವ ಮುಚ್ಚಳವಿರುವ ಒಲೆಯಲ್ಲಿ, ಇಡೀ ಕೋಳಿ ಬೇಯಿಸುತ್ತೇನೆ. ಒಳಗಿನ ಮಾಂಸ ಮೆತ್ತಗೆ ಚೆನ್ನಾಗಿಯೇ ಬರುತ್ತದೆ. ಚರ್ಮ ಮಾತ್ರ ಕಹಿ, ತಿಂದರೆ ನಾಲಿಗೆ ಜೋಮು ಹಿಡಿದ ಹಾಗಾಗುತ್ತದೆ. ಹೊಗೆಗೆ ಮರದ ಚಕ್ಕೆಗಳನ್ನು ನೆನೆಸಿ ಹಾಕುತ್ತೇನೆ, ದಟ್ಟ ಬಿಳಿ ಹೊಗೆ ಬರುತ್ತದೆ. ಅದು ಆಚೆ ಹೋಗದಿರಲಿ ಅಂತ ಮೇಲಿನ ಕಿಂಡಿಯನ್ನು ಮುಕ್ಕಾಲು ಮುಚ್ಚಿರುತ್ತೇನೆ. ಬೇರೆ ಮರ ಬಳಸಬೇಕಾ?

ಉತ್ತರ:
ಮರದ ವಿಷಯ ಆಮೇಲೆ. ಮೊದಲು ಮುಚ್ಚಳದ ಒಳಭಾಗವನ್ನು ಬೆರಳಲ್ಲಿ ಒರೆಸಿ ನೋಡಿ. ಕಪ್ಪಗೆ, ಡಾಂಬರಿನ ಹಾಗೆ ಅಂಟಂಟು ಬಂದರೆ ಅದು ಕ್ರಿಯೋಸೋಟ್, ಅಂದರೆ ಮರ ಸರಿಯಾಗಿ ಉರಿಯದಾಗ ಹೊಗೆಯಿಂದ ಕೂರುವ ಕಹಿ ಜಿಡ್ಡು. ಕೋಳಿಯ ಚರ್ಮದ ಮೇಲೂ ಅದೇ ಕೂತಿರುತ್ತದೆ.

ನಮಗೆ ಬೇಕಾದ ಘಮ ಹೆಚ್ಚಾಗಿ ಬರುವುದು ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಪದಾರ್ಥದಿಂದ. ಅದು ಬಿಸಿಗೆ ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಎಂಬ ಫೀನಾಲ್‌ಗಳು ಹುಟ್ಟುತ್ತವೆ. ಹೊಗೆಯ ರುಚಿ, ವಾಸನೆ ಅಂತ ನಾವು ಗುರುತಿಸುವುದು ಇವನ್ನೇ. ಆದರೆ ಮರದಲ್ಲಿ ಹೆಮಿಸೆಲ್ಯುಲೋಸ್ ಎಂಬ ಇನ್ನೊಂದು ಪದಾರ್ಥವೂ ಇದೆ. ಅದು 200–300 ಡಿಗ್ರಿ ಸೆಲ್ಸಿಯಸ್‌ನಲ್ಲೇ ಒಡೆದು ಅಸಿಟಿಕ್ ಆಮ್ಲದಂಥ ಹುಳಿ ಪದಾರ್ಥ ಕೊಡುತ್ತದೆ. ಲಿಗ್ನಿನ್ ಚೆನ್ನಾಗಿ ಒಡೆಯಲು ಇನ್ನೂ ಜಾಸ್ತಿ ಬಿಸಿ ಬೇಕು. ನೆನೆಸಿದ ಚಕ್ಕೆ ನೀರು ಆರುವ ತನಕ 100 ಡಿಗ್ರಿ ದಾಟುವುದೇ ಇಲ್ಲ, ಕೆಂಡವನ್ನೂ ತಣ್ಣಗೆ ಮಾಡುತ್ತದೆ. ಮೇಲಿನ ಕಿಂಡಿ ಮುಚ್ಚಿರುವುದರಿಂದ ಗಾಳಿಯೂ ಸರಿಯಾಗಿ ಆಡುವುದಿಲ್ಲ. ಬೆಂಕಿ ಉಸಿರುಗಟ್ಟಿ, ಅರೆಬೆಂದ ಹೊಗೆ ಒಳಗೇ ಸುತ್ತುತ್ತದೆ.

ಕೋಳಿಗೆ ತನ್ನದೇ ಪರಿಮಳ ಇದೆ ಅಲ್ವಾ? ಅದರ ಕೊಬ್ಬಿನ ಲಿನೋಲಿಯಿಕ್ ಆಮ್ಲದಿಂದ ಬರುವ ಡೆಕಾಡೈಯೆನಾಲ್ ಎಂಬ ವಾಸನೆಯ ಪದಾರ್ಥ ಅದರಲ್ಲಿ ಮುಖ್ಯ. ಹೊಗೆ ಅತಿಯಾದರೆ ಆ ಪರಿಮಳ ಪೂರ್ತಿ ಮುಚ್ಚಿಹೋಗುತ್ತದೆ. ನನಗೆ ಅದೇ ದೊಡ್ಡ ನಷ್ಟ ಅನಿಸುತ್ತದೆ.

ಒಣ ಚಕ್ಕೆ ಹಾಕಿ. ಮೇಲಿನ ಕಿಂಡಿ ಪೂರ್ತಿ ತೆರೆದಿಡಿ, ಬಿಸಿಯನ್ನು ಕೆಳಗಿನ ಕಿಂಡಿಯಿಂದ ಹಿಡಿತದಲ್ಲಿಡಿ. ಹೊಗೆ ತೆಳ್ಳಗೆ, ತುಸು ನೀಲಿಯಾದ ಮೇಲೆಯೇ ಕೋಳಿ ಇಡಿ.

ಪ್ರಶ್ನೆ:
ಚರ್ಮ ಒದ್ದೆ ಇದ್ದರೆ ಹೊಗೆ ಚೆನ್ನಾಗಿ ಹಿಡಿಯುತ್ತದೆ ಅಂತಾರಲ್ಲ? ನಾನು ತೊಳೆದು ಹಾಗೇ ಇಡುತ್ತೇನೆ.

ಉತ್ತರ:
ಹಿಡಿಯುತ್ತದೆ ನಿಜ, ಆದರೆ ಆಮ್ಲ, ಡಾಂಬರು ಎಲ್ಲವೂ ಹಿಡಿಯುತ್ತವೆ. ನೀರಿನ ಹನಿ ನಿಂತ ಕಡೆ ಕಪ್ಪು ಗೆರೆ ಬಿದ್ದಿರುವುದನ್ನು ನೋಡಿರುತ್ತೀರಿ. ತೊಳೆಯುವುದೇ ಬೇಡ, ರೋಗಾಣು ಸುತ್ತ ಸಿಡಿಯುತ್ತವೆ. ಬಟ್ಟೆಯಿಂದ ಒತ್ತಿ ಒರೆಸಿ, ರಾತ್ರಿಯಿಡೀ ಫ್ರಿಜ್‌ನಲ್ಲಿ ಮುಚ್ಚದೆ ಇಡಿ. ಮುಟ್ಟಿದರೆ ಸ್ವಲ್ಪ ಅಂಟುವಷ್ಟು ತೇವ ಉಳಿಯಬೇಕು. ಫೀನಾಲ್‌ಗಳು ಕೂರಲು ಅಷ್ಟು ಸಾಕು.

ಇನ್ನೊಂದು, ಕೋಳಿಯ ಕೆಳಗೆ ಒಂದು ತಟ್ಟೆ ಇಡಿ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದರೆ ಬೆಂಜೋಪೈರೀನ್‌ನಂಥ ಹಾನಿಕರ ಪದಾರ್ಥಗಳು ಹುಟ್ಟುತ್ತವೆ, ಕಮಟು ವಾಸನೆಯೂ ಬರುತ್ತದೆ. ಬಣ್ಣ ನೋಡಿ ಬೆಂದಿದೆ ಅಂದುಕೊಳ್ಳಬೇಡಿ. ತೊಡೆಯ ದಪ್ಪ ಭಾಗಕ್ಕೆ ಥರ್ಮಾಮೀಟರ್ ಚುಚ್ಚಿ, 74 ಡಿಗ್ರಿ ಆಗಿರಲೇಬೇಕು.